ದಿಲ್ಲಿಯ ಚುನಾವಣೆಯೂ ಕಲ್ಯಾಣ ಸೀಮೆಯ ಮತದಾರರೂ



ಲೋಕಸಭೆಯ ಚುನಾವಣೆ ಬಂದಾಗಲೆಲ್ಲ ನಮ್ಮೀ ಸೀಮೆಯಲ್ಲಿ ಒಂದು ಮಾತು ಕೇಳಿಬರುವುದುಂಟು: 'ದಿಲ್ಲಿ ಬಹು ದೂರ; ಪಂಚಾಯತಿಗೆ ಮತವೀಯೋಣ, ಪಾರ್ಲಿಮೆಂಟಿನ ಗೊಡವೆ ನಮಗೇಕೆ?' ಈ ಮಾತನ್ನು ನಾವು ಒಪ್ಪಲಾರೆವು.

1948ರ ಸಪ್ಟಂಬರದವರೆಗೆ ಈ ನಾಡು ನಿಜಾಮರ ಆಳಿಕೆಯಲ್ಲಿದ್ದಿತು. ಕಲ್ಯಾಣಿಯಂತೂ ನವಾಬರ ಜಹಗೀರು. ಆಳುವವರನ್ನು ಆರಿಸುವ ಅಧಿಕಾರ ರೈತನಿಗೂ ಇರಲಿಲ್ಲ, ವರ್ತಕನಿಗೂ ಇರಲಿಲ್ಲ. 1951-52ರ ಪ್ರಥಮ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಸ್ತ್ರೀಪುರುಷರೆಲ್ಲರಿಗೂ, ಅಕ್ಷರ ಬಲ್ಲವರಿಗೂ ಅರಿಯದವರಿಗೂ, ಒಂದೊಂದೇ ಮತ. ಎಂಟು ಶತಮಾನಗಳ ಹಿಂದೆ ಬಸವಣ್ಣನವರು ಮೇಲುಕೀಳೆನ್ನದೆ ಶರಣರನ್ನು ಕೂಡಿಸಿದ ಊರಿಗೆ ಇದು ತೀರ ಹೊಸ ಪಾಠವೇನೂ ಅಲ್ಲ!

ಅಂದು ಆರಿಸಿದ ಆ ಪಾರ್ಲಿಮೆಂಟೇ 1956ರಲ್ಲಿ ನಮ್ಮ ಬೀದರ ಜಿಲ್ಲೆಯನ್ನು ಮೂರು ಪಾಲು ಮಾಡಿತು. ಉದಗೀರ, ನಿಲಂಗಾಗಳು ಮುಂಬಯಿಗೆ, ನಾರಾಯಣಖೇಡ ಆಂಧ್ರಕ್ಕೆ ಹೋದವು. ನಾವು ನವೆಂಬರ 1ರಂದು ಕನ್ನಡದ ಮನೆಯನ್ನು ಸೇರಿದೆವು. ಹಂಬಲ ನಮ್ಮದು, ಹೋರಾಟವೂ ನಮ್ಮದು. ಗೆರೆ ಎಳೆಯುವ ಅಧಿಕಾರ ಮಾತ್ರ ಸಂವಿಧಾನದ 3ನೆಯ ಅನುಚ್ಛೇದದಂತೆ ದಿಲ್ಲಿಯದು. ನಮ್ಮ ಮಕ್ಕಳಿಗೆ ವಿದ್ಯೆಯಲ್ಲಿ, ನೌಕರಿಯಲ್ಲಿ ಮೀಸಲು ದೊರಕಿಸುವ 371(ಜೆ) ಅನುಚ್ಛೇದವೂ 2012ರಲ್ಲಿ ಅಲ್ಲಿಯೇ ಅಂಗೀಕೃತವಾಯಿತು. ಅದಕ್ಕಾಗಿ ಎಷ್ಟು ಕಾದೆವೆಂಬುದನ್ನು ಇಲ್ಲಿ ಕುಳಿತ ಹಿರಿಯರು ಬಲ್ಲರು.

ಯಾರಿಗೆ ಮತವೀಯಬೇಕೆಂದು ನಾವು ಹೇಳೆವು. ಅದು ನಿಮ್ಮ ವಿವೇಕಕ್ಕೆ ಬಿಟ್ಟುದು. ಯಾರೂ ಬೇಡವೆನ್ನುವವರಿಗೂ 2013ರಿಂದ ಯಂತ್ರದಲ್ಲಿ ಒಂದು ಗುಂಡಿಯುಂಟು. ಪುಣೆ, ಮುಂಬಯಿ, ಹೈದರಾಬಾದಗಳಿಗೆ ದುಡಿಯಲು ಹೋದವರಿಗೆ ಈಗಲೇ ಹೇಳಿಕಳುಹಿರಿ. 18 ತುಂಬಿದ ಮಗನ ಹೆಸರಷ್ಟೇ ಅಲ್ಲ, ಸೊಸೆಯ ಹೆಸರೂ ಪಟ್ಟಿಯಲ್ಲಿದೆಯೋ ನೋಡಿರಿ. ಇಲ್ಲವಾದರೆ 6ನೆಯ ನಮೂನೆಯನ್ನು ತುಂಬಿ ಕೊಡಿರಿ.