ರೋಗಿಯ ಸೇವೆಯೂ ಕ್ಯಾಥೊಲಿಕ್ ಧರ್ಮನಿಷ್ಠೆಯೂ
(ಮಂಡ್ಯದ ವಿ.ಸಿ. ಫಾರಂನಲ್ಲಿ ಸೇರಿದ್ದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)

 

ವೀರಶೈವ ಮಠದ ಮಹೋತ್ಸವದಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಮಾತೇಕೆಂದು ಕೆಲವರಿಗೆ ಶಂಕೆಯುಂಟಾಗಬಹುದು. ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ರೋಗವನ್ನು ನೋಡುವುದೇ ಅವನ ಕಾಯಕ. ದೇವರಲ್ಲಿ ಇಟ್ಟ ನಿಷ್ಠೆಯನ್ನು ರೋಗಿಯ ಹಾಸಿಗೆಯ ಬಳಿಗೆ ಕೊಂಡೊಯ್ಯುವುದು ಹೇಗೆಂಬ ಪ್ರಶ್ನೆ ನಮ್ಮಲ್ಲಿ ಎಂಟು ಶತಮಾನಗಳ ಹಿಂದೆಯೇ ಎದ್ದಿರುವಾಗ, ಅದೇ ಪ್ರಶ್ನೆಯನ್ನು ಬೇರೊಂದು ಮತದವರು ಹೇಗೆ ಎದುರಿಸಿದರೆಂಬುದನ್ನು ಅರಿಯುವುದರಿಂದ ನಮ್ಮ ನಿಷ್ಠೆಗೇನೂ ಕುಂದಿಲ್ಲ. ಅದಕ್ಕೆ ತಕ್ಕ ನಿದರ್ಶನವು ದೂರದಲ್ಲಿಯೂ ಇಲ್ಲ. ಈ ಫಾರಂನಿಂದ ಹೊರಟರೆ ಒಂದು ಹಗಲಿನ ಕಾಲ್ನಡಿಗೆಯೊಳಗೆ ಶ್ರೀರಂಗಪಟ್ಟಣದ ಗಂಜಾಂ ಸಿಕ್ಕುವುದು. ಅಲ್ಲಿರುವ ಹಳೆಯ ಕ್ಯಾಥೊಲಿಕ್ ದೇವಾಲಯಕ್ಕೆ ಇಂದಿಗೂ ಅಬ್ಬೆ ದುಬಾಯ್ ಅವರ ಹೆಸರೇ ಇದೆ.

ದುಬಾಯ್ ಅವರು ಫ್ರಾನ್ಸ್ ದೇಶದವರು. 1792ರಲ್ಲಿ ಹಿಂದೂದೇಶಕ್ಕೆ ಬಂದು, 1799ರಲ್ಲಿ ಟೀಪೂ ಸುಲ್ತಾನನು ಮಡಿದ ತರುವಾಯ ಶ್ರೀರಂಗಪಟ್ಟಣಕ್ಕೆ ಕರೆಯಲ್ಪಟ್ಟರು. ಚದರಿ ದಿಕ್ಕುಗೆಟ್ಟಿದ್ದ ಕ್ರೈಸ್ತ ಕುಟುಂಬಗಳನ್ನು ಒಂದುಗೂಡಿಸುವುದು ಅವರ ಮೊದಲ ಕೆಲಸವಾಯಿತು. ಹಾಸನದ ಕಡೆಯ ಸಾತಳ್ಳಿಯಲ್ಲಿ ಬಡವರಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿದರು. ವೇಷದಲ್ಲಿಯೂ ಊಟೋಪಚಾರಗಳಲ್ಲಿಯೂ ಈ ದೇಶದವರಂತೆಯೇ ಬಾಳಿದರು. ಜನರು ಅವರನ್ನು ದೊಡ್ಡಸ್ವಾಮಿಯವರೆಂದು ಕರೆದರು. ಪಾದ್ರಿಯನ್ನು ಸ್ವಾಮಿಯೆಂದು ಕರೆಯುವ ಈ ವಾಡಿಕೆಯು ನಮ್ಮ ಸೀಮೆಯ ಕ್ಯಾಥೊಲಿಕರಲ್ಲಿ ಇಂದಿಗೂ ಉಳಿದಿದೆ.

ಆ ಕಾಲದಲ್ಲಿ ಸಿಡುಬು ಊರೂರನ್ನೇ ಬರಿದುಮಾಡುತ್ತಿದ್ದಿತು. ಅದನ್ನು ರೋಗವೆಂದು ಹೇಳಲೂ ಜನರು ಅಂಜುತ್ತಿದ್ದರು. ಅಮ್ಮನು ಮೈಮೇಲೆ ಬಂದಳೆಂದು ಬೇವಿನ ಸೊಪ್ಪನ್ನು ಕಟ್ಟಿ ಕಾಯುತ್ತಿದ್ದರು. ಇಂಗ್ಲೆಂಡಿನ ಜೆನ್ನರ್ ಪಂಡಿತರು 1796ರಲ್ಲಿ ಪರೀಕ್ಷಿಸಿದ ಗೋವಿನ ಸಿಡುಬಿನ ಮದ್ದು 1802ರಲ್ಲಿ ಮುಂಬಯಿಗೆ ತಲುಪಿತು. ಹಳೆಯ ಮೈಸೂರಿನವರು ದಾಕು ಹಾಕುವುದೆಂದು ಹೇಳುತ್ತಿದ್ದುದು ಇದನ್ನೇ. ದುಬಾಯ್ ಅವರು ಮೈಸೂರು ಸೀಮೆಯಲ್ಲಿ ಈ ಕೆಲಸಕ್ಕೆ ಮುಂದಾಗಿ ನಿಂತರು. 1803-04ರ ಸುಮಾರಿಗೆ ಅವರ ಪ್ರಯತ್ನದಿಂದ ದಾಕು ಹಾಕಿಸಿಕೊಂಡವರ ಸಂಖ್ಯೆ 25,000ಕ್ಕೂ ಮೀರಿತು.

ಈ ಸಂಖ್ಯೆಯ ಹಿಂದಿದ್ದ ಕಷ್ಟವನ್ನು ಇಂದಿನವರು ಊಹಿಸುವುದೂ ಕಷ್ಟ. ಆಗ ಮದ್ದು ಸೀಸೆಯಲ್ಲಿ ಬರುತ್ತಿರಲಿಲ್ಲ. ದಾರಕ್ಕೆ ಹಚ್ಚಿ ಒಣಗಿಸಿ ಕಳುಹಿಸಿದ ರಸವು ನಮ್ಮ ಬಿಸಿಲಿನಲ್ಲಿ ಬಲಗೆಡುತ್ತಿದ್ದಿತು. ಆದುದರಿಂದ ಒಂದು ಮಗುವಿನ ತೋಳಿಗೆ ಹಾಕಿ, ಎಂಟನೆಯ ದಿನದ ಸುಮಾರಿಗೆ ಅಲ್ಲಿ ಎದ್ದ ಗುಳ್ಳೆಯಿಂದ ರಸವನ್ನು ತೆಗೆದು ಮತ್ತೊಂದು ಮಗುವಿನ ತೋಳಿಗೆ ಏರಿಸಬೇಕಾಗಿದ್ದಿತು. ಮಕ್ಕಳ ತೋಳುಗಳೇ ಮದ್ದಿನ ಉಗ್ರಾಣ. ಒಂದು ವಾರ ಹೊಸ ಮಗು ಸಿಕ್ಕದಿದ್ದರೆ ಸರಪಣಿಯು ಕಡಿದುಹೋಗುವುದು. ರಸವನ್ನು ತೆಗೆದರೆ ತನ್ನ ಕೂಸಿನ ರಕ್ಷೆಯೇ ಹೋಗುವುದೇನೋ ಎಂದು ತಾಯಿಗೆ ಭಯ. ಯಾವ ಜಾತಿಯ ಮಗುವಿನ ರಸವು ಯಾವ ಜಾತಿಯ ಮಗುವಿನ ಮೈಗೆ ಸೇರುವುದೆಂಬ ಸಂಕೋಚವು ಅದಕ್ಕಿಂತಲೂ ದೊಡ್ಡದು. ಅಮ್ಮನಿಗೆ ಮುನಿಸು ಬಂದೀತೆಂಬ ಅಂಜಿಕೆಯು ಇವೆಲ್ಲಕ್ಕೂ ಮಿಗಿಲಾದುದು. ಇಂತಹ ಕಡೆಯಲ್ಲಿ ಸರ್ಕಾರದ ಅಪ್ಪಣೆಯಿಂದ ಎಷ್ಟು ಕೆಲಸವಾದೀತು? ಮನೆಯ ಬಾಗಿಲಿಗೆ ಬಂದವನ ಮೇಲೆ ನಂಬಿಕೆಯಿದ್ದರೆ ಮಾತ್ರ ತಾಯಿ ಕೂಸಿನ ತೋಳನ್ನು ನೀಡುವಳು. ಮೈಸೂರು ಅರಮನೆಯಲ್ಲಿ ರಾಣಿಯವರೇ ದಾಕು ಹಾಕಿಸಿಕೊಂಡ ಸುದ್ದಿ 1806ರಲ್ಲಿ ಹರಡಿದ ಮೇಲೆ ಇನ್ನೂ ಅನೇಕರು ಮುಂದೆ ಬಂದರೆಂದು ಇತಿಹಾಸಕಾರರು ಹೇಳುವರು.

ಈಗ ಮುಖ್ಯವಾದ ವಿಷಯಕ್ಕೆ ಬರೋಣ. ಕ್ಯಾಥೊಲಿಕರ ಬೋಧೆಯಲ್ಲಿ ರೋಗಿಯನ್ನು ಸಂದರ್ಶಿಸುವುದು ದಯಾಕಾರ್ಯಗಳಲ್ಲೊಂದು. ರೋಗಿಗೆ ಮಾಡಿದ ಉಪಚಾರವು ಕ್ರಿಸ್ತನಿಗೇ ಸಲ್ಲುವುದೆಂದು ಅವರ ನಂಬಿಕೆ. ಜಂಗಮಕ್ಕೆ ನೀಡಿದುದು ಲಿಂಗಕ್ಕೆ ಮುಟ್ಟುವುದೆಂದು ಅರಿತಿರುವ ನಮಗೆ ಈ ಭಾವನೆಯು ಅಪರಿಚಿತವಲ್ಲ. ಆದರೆ ಅವರಿಗೆ ಒಂದು ಕಠಿಣವಾದ ಪರೀಕ್ಷೆಯೂ ಉಂಟು. ದುಬಾಯ್ ಅವರು ಬಂದುದು ಮತವನ್ನು ಬೋಧಿಸಲು. ಜೀವ ಉಳಿಸಿಕೊಟ್ಟವನ ಮಾತನ್ನು ಯಾರು ತಾನೇ ತೆಗೆದುಹಾಕುವರು? ಮದ್ದನ್ನು ಗಾಳದ ಹುಳುವಾಗಿ ಮಾಡಿಕೊಳ್ಳುವ ಆಸೆಯು ಅಲ್ಲಿಯೇ ಕಾದಿರುವುದು. ಮಿಷನರಿಗಳ ಮೇಲೆ ಈ ಆಕ್ಷೇಪಣೆಯು ಆಗಾಗ ಬಂದಿದೆ. ಅದು ಎಲ್ಲೆಡೆಯೂ ನಿರಾಧಾರವೆಂದು ಹೇಳುವುದು ಸತ್ಯವಾಗಲಾರದು. ದುಬಾಯ್ ಅವರಾದರೋ 1823ರಲ್ಲಿ ಪ್ರಕಟವಾದ ತಮ್ಮ ಪತ್ರಗಳಲ್ಲಿ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕಾರ್ಯವು ಫಲಿಸುವಂತಹುದಲ್ಲವೆಂದು ಮುಚ್ಚುಮರೆಯಿಲ್ಲದೆ ಬರೆದರು. ಬೋಧಕನಾಗಿ ಸೋತೆನೆಂದು ಒಪ್ಪಿದ ಆ ಮನುಷ್ಯನ ಇನ್ನೊಂದು ಕೆಲಸ ಸೋಲಲಿಲ್ಲ. ದಾಕು ಹಾಕಿಸಿಕೊಂಡ ಮಗು ಶಿವಭಕ್ತನ ಮನೆಯಲ್ಲಿಯೇ ಬೆಳೆಯಿತು, ಬದುಕಿತು.

ಅವರನ್ನು ದೋಷರಹಿತರೆಂದು ಹೊಗಳಬೇಕಾಗಿಲ್ಲ. ನಮ್ಮ ಆಚಾರವ್ಯವಹಾರಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥದಲ್ಲಿ ಕಟುವಾದ, ಅನ್ಯಾಯವಾದ ಮಾತುಗಳೂ ಇವೆ. ಅದರ ಬಹುಭಾಗವು ಅವರಿಗಿಂತ ಹಿಂದಿನ ಕೂರ್ದೂ ಎಂಬ ಪಾದ್ರಿಯ ಬರಹದಿಂದ ಬಂದುದೆಂದು 1987ರಲ್ಲಿ ಫ್ರೆಂಚ್ ವಿದುಷಿಯೊಬ್ಬರು ತೋರಿಸಿದ್ದಾರೆ. ಪುಸ್ತಕದ ಕೀರ್ತಿಯು ಹೀಗೆ ಕುಂದಿದರೂ ತೋಳಿನ ಮೇಲಿನ ಕೆಲಸವನ್ನು ಯಾರೂ ಅಲ್ಲಗಳೆದಿಲ್ಲ.

ಅವರ ಹಾದಿಯಲ್ಲಿ ನಡೆದವರು ಕನ್ನಡ ನಾಡಿನಲ್ಲಿ ಅನೇಕರು. ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆಯನ್ನು ಸಂನ್ಯಾಸಿನಿಯರು 1886ರಲ್ಲಿ ಆರಂಭಿಸಿದರು. ಮಂಗಳೂರಿನಲ್ಲಿ ಜರ್ಮನಿಯ ಆಗಸ್ಟಸ್ ಮುಲ್ಲರ್ ಪಾದ್ರಿಗಳು ಕಾಲೇಜಿನಲ್ಲಿ ಪಾಠ ಹೇಳುತ್ತಲೇ 1880ರಲ್ಲಿ ಹೋಮಿಯೋಪತಿ ಮದ್ದನ್ನು ಹಂಚತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೆ ಕಂಕನಾಡಿಯಲ್ಲಿ ಆಶ್ರಯವನ್ನು ಕಟ್ಟಿದರು. ಮನೆಯವರೇ ಹೊರಗೆ ಹಾಕಿದವರಿಗೆ ಅಲ್ಲಿ ಹಾಸಿಗೆಯೂ ಅನ್ನವೂ ದೊರೆತವು.

ಇಂದು ಆಸ್ಪತ್ರೆಯಲ್ಲಿ ದುಡಿಯುವ ಕ್ಯಾಥೊಲಿಕ್ ದಾದಿಗೂ ವೈದ್ಯನಿಗೂ ನಿಷ್ಠೆಯು ಸುಲಭವಾಗಿಲ್ಲ. ಗರ್ಭದಲ್ಲಿರುವ ಜೀವವನ್ನು ತೆಗೆಯುವುದನ್ನು ಅವರ ಧರ್ಮವು ನಿಷೇಧಿಸುವುದು. 1971ರ ಕಾನೂನು ಕೆಲವು ಸಂದರ್ಭಗಳಲ್ಲಿ ಅದಕ್ಕೆ ಅವಕಾಶವಿತ್ತಿದೆ. ಕಷ್ಟದಲ್ಲಿರುವ ಹೆಣ್ಣುಮಗಳೊಬ್ಬಳು ಎದುರಿಗೆ ನಿಂತಾಗ, ತನ್ನಿಂದಾಗದೆಂದು ಹೇಳುವವನು ಅವಳನ್ನು ಹಳಿಯದೆ, ಹೆದರಿಸದೆ, ಉಳಿದ ಉಪಚಾರದಲ್ಲಿ ಕೊರತೆ ಮಾಡದೆ ಹೇಳಬಲ್ಲನೇ? ನಿಷ್ಠೆಯ ಬೆಲೆಯನ್ನು ನಿಷ್ಠೆಯುಳ್ಳವನೇ ತೆರಬೇಕಲ್ಲದೆ ರೋಗಿಯು ತೆರುವಂತಾಗಬಾರದು. ಸಾಯುವವನ ಹಾಸಿಗೆಯ ಬಳಿಯಲ್ಲಿಯೂ ಹಾಗೆಯೇ. ತನ್ನ ಮತದವನಿಗೆ ಪಾದ್ರಿಯನ್ನು ಕರೆಸಿ ತೈಲಲೇಪನ ಮಾಡಿಸುವ ದಾದಿಯು, ಪಕ್ಕದ ಹಾಸಿಗೆಯ ಲಿಂಗವಂತನ ಕರಡಿಗೆಯನ್ನು ಶಸ್ತ್ರಚಿಕಿತ್ಸೆಗಾಗಿ ತೆಗೆಯಬೇಕಾದಾಗ ಅದನ್ನು ಮನೆಯವರ ಕೈಗೇ ಜೋಪಾನವಾಗಿ ಒಪ್ಪಿಸಿದರೆ, ಅವಳ ಧರ್ಮವು ಅಲ್ಲಿ ಕಾಣುವುದು.

ದುಬಾಯ್ ಅವರು 1823ರಲ್ಲಿ ಈ ನೆಲವನ್ನು ಬಿಟ್ಟು ಹೊರಟರು. ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಭಾರತದಲ್ಲಿ ಸಿಡುಬು 1975ರಲ್ಲಿ ನಿಂತಿತು. 1980ರಲ್ಲಿ ಲೋಕದಿಂದಲೇ ಅಳಿಯಿತೆಂದು ಸಾರಲಾಯಿತು. ಆ ಬಳಿಕ ಹುಟ್ಟಿದ ಮಕ್ಕಳಿಗೆ ಈ ದಾಕಿನ ಹಂಗಿಲ್ಲ. ಈ ಸಭೆಯಲ್ಲಿ ಕುಳಿತಿರುವ ಹಿರಿಯರ ತೋಳುಗಳ ಮೇಲೆ ಅದರ ಕಲೆ ಇನ್ನೂ ಇದೆ.