ಎರಡನೇ ಸಲ ಆನೆ ಬೇಗ ಬಂದದ್ದೇಕೆ?

ಹುಣಸೂರಿನ ಶಾಲೆಯೊಂದರ ಹಳೆಯ ಕಂಪ್ಯೂಟರಿನಲ್ಲಿ ನಾಗರಹೊಳೆಯ ಆನೆಗಳ ಚಿತ್ರಗಳಿರುವ ಒಂದು ಫೈಲ್ ಇದೆ ಎಂದುಕೊಳ್ಳಿ ಮಕ್ಕಳೇ. ಬೆಳಿಗ್ಗೆ ಮೊದಲ ಸಲ ತೆರೆದಾಗ ಅದು ಕಾಯಿಸುತ್ತದೆ. ಮುಚ್ಚಿ ಮತ್ತೆ ತೆರೆದರೆ ಥಟ್ಟನೆ ಬರುತ್ತದೆ. ಆನೆ ಅದೇ, ಡಿಸ್ಕೂ ಅದೇ!

ಇದು ಕರ್ನೆಲ್ ಮಾಡುವ ಕೆಲಸ. ಮೆಮೊರಿ, ಡಿಸ್ಕ್, ಕೀಬೋರ್ಡ್ ಎಲ್ಲದರ ಉಸ್ತುವಾರಿ ಈ ತಂತ್ರಾಂಶದ್ದೇ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಅಂಥದೊಂದು ಕರ್ನೆಲ್. ಮನೆಯ ಆಂಡ್ರಾಯ್ಡ್ ಫೋನಿನೊಳಗೂ ಅದೇ ಇದೆ. ಡಿಸ್ಕಿನಿಂದ ಓದಿದ್ದನ್ನು ಅದು ಪುಟಪುಟವಾಗಿ ಖಾಲಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಇದೇ ಪೇಜ್ ಕ್ಯಾಶ್. ಸಾಮಾನ್ಯವಾಗಿ ಒಂದು ಪುಟಕ್ಕೆ 4096 ಬೈಟ್. ‘ಹುಣಸೂರು’ ಎಂಬ ಹೆಸರಿಗೆ 21 ಬೈಟ್ ಸಾಕು. ಹಾಗಾದರೆ ಒಂದು ಪುಟದಲ್ಲಿ ನಮ್ಮೂರಿನ ಹೆಸರನ್ನು ಎಷ್ಟು ಸಲ ಬರೆಯಬಹುದು? ಲೆಕ್ಕ ಹಾಕಿ ನೋಡಿ.

ಓದುವುದು ಸುಲಭ, ಬರೆಯುವಾಗಲೇ ಎಚ್ಚರ ಬೇಕು. ನೀವು ಫೈಲಿನಲ್ಲಿ ಏನಾದರೂ ತಿದ್ದಿದರೆ ಮೊದಲು ಬದಲಾಗುವುದು ಮೆಮೊರಿಯ ಪುಟ ಮಾತ್ರ. ಕರ್ನೆಲ್ ಅದಕ್ಕೆ ‘ಡರ್ಟಿ’ ಎಂಬ ಗುರುತು ಹಾಕಿಟ್ಟು, ಹೆಚ್ಚಾಗಿ ಅರ್ಧ ನಿಮಿಷದ ಆಸುಪಾಸಿನಲ್ಲಿ ಡಿಸ್ಕಿಗೆ ಇಳಿಸುತ್ತದೆ. ಅಷ್ಟರೊಳಗೆ ಕರೆಂಟು ಹೋದರೆ ತಿದ್ದಿದ್ದು ಹೋದಂತೆಯೇ. ಪೆನ್‌ಡ್ರೈವ್ ಅನ್ನು ಸರಕ್ಕನೆ ಕೀಳಬೇಡಿ ಎಂದು ಮೇಷ್ಟ್ರು ಹೇಳುವುದೂ ಇದಕ್ಕೇ.

ಮೆಮೊರಿ ತುಂಬಿದಾಗ ಕೆಲವು ಪುಟಗಳನ್ನು ಬಿಟ್ಟುಕೊಡಲೇಬೇಕು. ಯಾವುದನ್ನು? ಬಹಳ ಹೊತ್ತಿನಿಂದ ಯಾರೂ ಮುಟ್ಟದ್ದನ್ನು. ಡಿಸ್ಕಿನಲ್ಲಿರುವಂತೆಯೇ ಇದ್ದರೆ ಧಾರಾಳವಾಗಿ ಬಿಡಬಹುದು. ಡರ್ಟಿ ಆಗಿದ್ದರೆ ಮೊದಲು ಬರೆದು, ಆಮೇಲೆ ಬಿಡಬೇಕು. ಪ್ರತಿ ಪುಟವನ್ನು ಎಷ್ಟು ಕಡೆ ಬಳಸುತ್ತಿದ್ದಾರೆ ಎಂಬ ಎಣಿಕೆಯನ್ನೂ ಕರ್ನೆಲ್ ಇಟ್ಟಿರುತ್ತದೆ. ಬಳಕೆಯಲ್ಲಿರುವ ಪುಟವನ್ನು ಇನ್ನೊಬ್ಬರಿಗೆ ಕೊಟ್ಟರೆ ಒಬ್ಬರ ಬರಹದ ಮೇಲೆ ಇನ್ನೊಬ್ಬರ ಬರಹ ಬಿದ್ದು ಎರಡೂ ಕೆಡುತ್ತವೆ. ನನಗೆ ಈ ಎಣಿಕೆಯೇ ಇಡೀ ಏರ್ಪಾಟಿನಲ್ಲಿ ಬಲು ಚೆಂದದ ಭಾಗ.

ಇಷ್ಟು ಎಚ್ಚರವಿದ್ದೂ ಒಮ್ಮೆ ಎಡವಟ್ಟಾಯಿತು. ಜರ್ಮನಿಯ ಪ್ರೋಗ್ರಾಮರ್ ಮ್ಯಾಕ್ಸ್ ಕೆಲ್ಲರ್‌ಮನ್‌ಗೆ ಕೆಲವು ಫೈಲುಗಳ ಕೊನೆಯ 8 ಬೈಟ್ ಮಾತ್ರ ಆಗಾಗ ಕೆಟ್ಟಿರುವುದು ಕಂಡಿತು. ಅವರು ಬೆನ್ನು ಬಿಡದೆ ಹುಡುಕಿ, 2022ರ ಮಾರ್ಚ್‌ನಲ್ಲಿ ಕಾರಣ ಹೇಳಿದರು. ಕ್ಯಾಶ್‌ನ ಪುಟವೊಂದನ್ನು ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ದಾಟಿಸುವ ‘ಪೈಪ್’ನಲ್ಲಿ, ‘ಇದಕ್ಕೆ ಸೇರಿಸಿ ಬರೆಯಬಹುದು’ ಎಂಬ ಹಳೆಯ ಗುರುತು ಅಳಿಯದೆ ಉಳಿದುಬಿಡುತ್ತಿತ್ತು. ಹೀಗಾಗಿ ಓದಲು ಮಾತ್ರ ಅನುಮತಿಯಿದ್ದವರೂ ಆ ಪುಟವನ್ನು ತಿದ್ದಬಹುದಿತ್ತು! ಈ ದೋಷಕ್ಕೆ ‘ಡರ್ಟಿ ಪೈಪ್’ ಎಂದು ಹೆಸರಾಯಿತು. ಅದನ್ನು ಸರಿಪಡಿಸಲು ಕರ್ನೆಲ್‌ಗೆ ಸೇರಿಸಿದ್ದು ಎರಡೇ ಸಾಲು, ಹಳೆಯ ಗುರುತನ್ನು ಅಳಿಸುವ ಸಾಲುಗಳು.