ಮೆಟ್ಟಿಲು ಇದ್ರೆ ಹತ್ತೋರು ಇದ್ದಾರ
(ಯುವಕ ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಇವತ್ತು ನಿಮಗೆ ಒಬ್ಬ ಹೆಣ್ಣುಮಗಳ ವಿಷಯ ಹೇಳ್ತೀನಿ. ಹೆಸರು ಡಯಾನಾ ಟ್ರುಹಿಯೊ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಾಗ ಕಾಲಿ ಅಂತ ಶಹರ, ಅಲ್ಲಿಯವಳು. 17ನೇ ವಯಸ್ಸಿಗೆ ಅಮೆರಿಕಕ್ಕೆ ಹೋದಾಗ ಕೈಯಾಗ ಇದ್ದದ್ದು 300 ಡಾಲರ್. ಇಂಗ್ಲಿಷ್ ಬರ್ತಿರಲಿಲ್ಲ. ಮಂದಿ ಮನಿ ಸ್ವಚ್ಛ ಮಾಡೋ ಕೆಲಸ ಹಿಡಿದಳು. ಮಯಾಮಿ ಡೇಡ್ ಕಾಲೇಜು ಸೇರಿ ಇಂಗ್ಲಿಷ್ ಕಲಿತಳು.

ಅದು ಕಮ್ಯುನಿಟಿ ಕಾಲೇಜು. ಅಂದ್ರೆ ಸರಕಾರದ ದುಡ್ಡಿನಿಂದ ನಡೆಯುವ, ಫೀ ಕಡಿಮೆ ಇರುವ, ಎರಡು ವರ್ಷ ಓದಿಸುವ ಕಾಲೇಜು. ಹೆಚ್ಚು ಅಂಕ ಇದ್ದವರಿಗಷ್ಟೇ ಬಾಗಿಲು ತೆಗೆಯೋದಿಲ್ಲ. ದುಡಿಯುವವರಿಗೆ ಸಂಜೆ ಕ್ಲಾಸು ಇರ್ತಾವ. ಅಲ್ಲಿ ಪಾಸಾದ ವಿಷಯಗಳನ್ನ ಮುಂದೆ ವಿಶ್ವವಿದ್ಯಾಲಯದವರು ಲೆಕ್ಕಕ್ಕೆ ಹಿಡೀತಾರ. ಡಯಾನಾ ಅಲ್ಲಿಂದ ಫ್ಲಾರಿಡಾ ವಿಶ್ವವಿದ್ಯಾಲಯಕ್ಕೆ, ಮುಂದೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯಕ್ಕೆ ಹೋಗಿ, 2007ರಲ್ಲಿ ಏರೋಸ್ಪೇಸ್ ಎಂಜಿನಿಯರಿಂಗ್ ಪದವಿ ಪಡೆದಳು. ನಾಸಾ ಸೇರಿದಳು.

2012ರಲ್ಲಿ ಮಂಗಳ ಗ್ರಹಕ್ಕೆ ಇಳಿದ ಕ್ಯೂರಿಯಾಸಿಟಿ ಗಾಡಿಯೊಳಗ ಒಂದು ಬ್ರಶ್ ಅದ, ಕಲ್ಲಿನ ಮ್ಯಾಲಿನ ಧೂಳು ಗುಡಿಸೋದಕ್ಕ. ಅದರ ಜವಾಬ್ದಾರಿ ಹೊತ್ತಾಕಿ ಇದೇ ಡಯಾನಾ. ಮುಂದೆ ಪರ್ಸೆವೆರೆನ್ಸ್ ಗಾಡಿಯ ರೋಬೋಟ್ ಕೈಯ ಮ್ಯಾಲೆ ಕೆಲಸ ಮಾಡಿದಳು. 2021ರ ಫೆಬ್ರವರಿ 18ಕ್ಕೆ ಅದು ಮಂಗಳಕ್ಕೆ ಇಳಿದಾಗ, ನಾಸಾದ ಸ್ಪ್ಯಾನಿಷ್ ನೇರ ಪ್ರಸಾರವನ್ನೂ ಆಕಿಯೇ ನಡೆಸಿಕೊಟ್ಟಳು. ಇಂಗ್ಲಿಷ್ ಕಲಿತಳು, ತಾಯಿಮಾತು ಬಿಡಲಿಲ್ಲ. ಮನ್ಯಾಗ ಕನ್ನಡ, ಬಜಾರದಾಗ ಮರಾಠಿ, ಕಾಲೇಜದಾಗ ಇಂಗ್ಲಿಷ್ ಅನ್ನೋ ನಮಗ ಈ ಮಾತು ನೆನಪಿರಲಿ.

ಕಸಬರಿಗೆ ಏನು ಅನ್ನೋದು ನಮಗ ಯಾರೂ ಹೇಳಿಕೊಡಬೇಕಾಗಿಲ್ಲ. ಅಪ್ಪನ ಕೈಯಿಂದ ಮಗನ ಕೈಗೆ ಬರೋ ಆಸ್ತಿ ಅದೊಂದೇ ಅನ್ನೋ ಮನಿಗಳು ಇನ್ನೂ ಅದಾವ. ಗುಡಿಸೋ ಕೆಲಸ ಕೀಳಲ್ಲ. ಹುಟ್ಟಿದ ಜಾತಿ ನೋಡಿ ಅದೇ ಕೆಲಸಕ್ಕ ಕಟ್ಟಿಹಾಕೋದು ಕೀಳು.

"ಕಷ್ಟಪಟ್ರೆ ಎಲ್ಲಾ ಆಗ್ತದ" ಅಂತ ಹೇಳಿ ಕೂತುಬಿಟ್ರೆ ಅರ್ಧ ಸತ್ಯ. ನಮ್ಮ ತಾಯಂದಿರು ಕಷ್ಟ ಕಡಿಮಿ ಪಟ್ಟಾರೇನು? ಡಯಾನಾಗೆ ಛಲ ಇತ್ತು, ಜೊತಿಗೆ ಹತ್ತೋದಕ್ಕ ಮೆಟ್ಟಿಲೂ ಇತ್ತು. ಬಾಬಾಸಾಹೇಬರು 1913ರಲ್ಲಿ ಬರೋಡಾದ ವಿದ್ಯಾರ್ಥಿವೇತನದ ಮ್ಯಾಲೆ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ್ರು. ತಾವು ಹತ್ತಿದ ಮ್ಯಾಲೆ ಮೆಟ್ಟಿಲು ಮರೀಲಿಲ್ಲ. 1946ರಲ್ಲಿ ಮುಂಬೈಯೊಳಗ ಸಿದ್ಧಾರ್ಥ ಕಾಲೇಜು ತೆರೆಸಿ, ದುಡಿಯುವ ಹುಡುಗರಿಗಾಗಿ ಮುಂಜಾನೆ ಕ್ಲಾಸು ನಡೆಸಿದ್ರು.

ನಮ್ಮಲ್ಲೂ ಮೆಟ್ಟಿಲು ಅದಾವ. ಹತ್ತನೇತ್ತಾ ಆದ ಮ್ಯಾಲೆ ಎರಡು ವರ್ಷ ಐಟಿಐ ಮಾಡಿದವರು ಡಿಪ್ಲೊಮಾದ ಎರಡನೇ ವರ್ಷಕ್ಕ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಎಂಜಿನಿಯರಿಂಗ್ ಎರಡನೇ ವರ್ಷಕ್ಕ ನೇರ ಹೋಗಬಹುದು. ಮನಿ ಉತ್ಪನ್ನ ವರ್ಷಕ್ಕ ಎರಡೂವರೆ ಲಕ್ಷದೊಳಗಿದ್ರೆ ಪರಿಶಿಷ್ಟ ಜಾತಿಯವರಿಗೆ ಸ್ಕಾಲರ್‌ಶಿಪ್ ಅದ.

ಆದ್ರೆ ನಮ್ಮ ಹುಡುಗರು ಎಡವೋದು ಅಂಕದಾಗಲ್ಲ, ಕಾಗದದಾಗ. ಮಹಾರಾಷ್ಟ್ರದಾಗ ಮೀಸಲು ಸೀಟಿಗೆ ಜಾತಿ ವ್ಯಾಲಿಡಿಟಿ ಬೇಕು. ಅದಕ್ಕ 1950ರ ಆಗಸ್ಟ್ 10ಕ್ಕಿಂತ ಹಿಂದಿನ ಪುರಾವೆ ಕೇಳ್ತಾರ: ಅಜ್ಜನ ಶಾಲಿ ದಾಖಲೆ, ಹಳೇ ಉತಾರ. ಅಜ್ಜನಿಗೆ ಶಾಲಿಯೇ ಸಿಗಲಿಲ್ಲ. ಹೊಲ ಅಂತೂ ಇರಲೇ ಇಲ್ಲ. ಪ್ರವೇಶದ ವಾರ ಓಡಾಡಿದ್ರೆ ಈ ಕಾಗದ ಸಿಗೋದಿಲ್ಲ.

ಆದ್ದರಿಂದ ಸಂಘಕ್ಕೆ ನನ್ನ ಬೇಡಿಕೆ ಒಂದೇ. ಈ ವರ್ಷ ಒಂಬತ್ತನೇತ್ತಾ ಓದೋ ಪ್ರತಿ ಮಗುವಿನ ಹೆಸರು ಬರೀರಿ, ಹುಡುಗಿಯರದು ಮೊದಲು. ಅವರ ಮನಿಗೆ ಹೋಗ್ರಿ, ಹಳೇ ಟ್ರಂಕು ತೆಗೆಸ್ರಿ. ಒಂದೇ ಮನಿತನದಾಗ ಯಾರದಾದರೂ ವ್ಯಾಲಿಡಿಟಿ ಆಗಿದ್ರೆ ಅದರ ಝೆರಾಕ್ಸ್ ಇಡ್ರಿ. ಜಯಂತಿಗೆ ನಾವು ಕೂಡಿಸೋ ಪಟ್ಟಿಯೊಳಗ ಒಂದು ಪಾಲು ಫಾರ್ಮ್, ಬಸ್ ಚಾರ್ಜಿಗೆ ತೆಗೆದಿಡ್ರಿ.

ಮೆಟ್ಟಿಲು ಕಟ್ಟೋದು ಸರಕಾರದ ಕೆಲಸ, ಅದನ್ನ ಕೇಳೋದು ನಮ್ಮ ಹಕ್ಕು. ಮೊದಲನೇ ಮೆಟ್ಟಿಲತನಕ ಮಗುವಿನ ಕೈ ಹಿಡಿದು ಕರಕೊಂಡು ಹೋಗೋದು ಮಾತ್ರ ನಮ್ಮ ಕೆಲಸ. ಜೈ ಭೀಮ್.